ಮೆದು ಉಕ್ಕಿನ ಮೈ ಗಡಸಾಗುವುದು ಹೇಗೆ? ಕರಟದ ಇದ್ದಿಲು, ಮೊಟ್ಟೆಸಿಪ್ಪೆ ಬಳಸಿ ಎರಡು ಅವಧಿಯ ಪಾಠ

ತರಗತಿ: 10
ವಿಷಯ: ವಿಜ್ಞಾನ
ಘಟಕ: ಲೋಹಗಳು ಮತ್ತು ಅಲೋಹಗಳು (ಮಿಶ್ರಲೋಹಗಳ ಭಾಗ)
ಅವಧಿ: 40 ನಿಮಿಷಗಳ 2 ಅವಧಿಗಳು
ಪೂರ್ವಸಿದ್ಧತೆ: ಪಾಠಕ್ಕೆ ಒಂದು ವಾರ ಮೊದಲು, ಹತ್ತಿರದ ಐಟಿಐ ಅಥವಾ ಪಾಲಿಟೆಕ್ನಿಕ್‌ನ ಕಾರ್ಯಾಗಾರದಲ್ಲಿ

ಈ ಪಾಠ ಏಕೆ?

ಮಿಶ್ರಲೋಹಗಳ ಭಾಗಕ್ಕೆ ಬಂದಾಗ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದೇ ವಾಕ್ಯ ಹೇಳಿ ಮುಂದಕ್ಕೆ ಹೋಗುತ್ತಾರೆ: ಶುದ್ಧ ಕಬ್ಬಿಣ ಮೆದು, ಅದಕ್ಕೆ ಸ್ವಲ್ಪ ಕಾರ್ಬನ್ ಸೇರಿದರೆ ಗಟ್ಟಿ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ಪಡೆಯುತ್ತಾರೆ. ಆ ಕಾರ್ಬನ್ ಎಲ್ಲಿಂದ ಬರುತ್ತದೆ, ಘನರೂಪದ ಕಬ್ಬಿಣದೊಳಕ್ಕೆ ಅದು ಹೇಗೆ ಇಳಿಯುತ್ತದೆ, ಇಳಿದ ಮಾತ್ರಕ್ಕೆ ಉಕ್ಕು ಗಡಸಾಗುತ್ತದೆಯೇ ಎಂಬ ಪ್ರಶ್ನೆಗಳು ತರಗತಿಯಲ್ಲಿ ಏಳುವುದೇ ಇಲ್ಲ.

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಬೇಕಾದ ಸಾಮಗ್ರಿ ದುಬಾರಿಯದಲ್ಲ. ತೆಂಗು ಬೆಳೆಯುವ ಊರಿನಲ್ಲಿ ಕರಟ ಸಿಗುತ್ತದೆ. ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ಶಾಲೆಯಲ್ಲಿ ಸಿಪ್ಪೆ ಬುಟ್ಟಿಗಟ್ಟಲೆ ಉಳಿಯುತ್ತದೆ. ಕರಾವಳಿಯಲ್ಲಿ ಅದೇ ಕೆಲಸಕ್ಕೆ ಸುಣ್ಣ ಸುಡುವ ಕಪ್ಪೆಚಿಪ್ಪು ಬಳಸಬಹುದು. ಇವುಗಳಿಂದ ಮೆದು ಉಕ್ಕಿನ ಮೇಲ್ಮೈಯನ್ನು ಗಾಜು ಗೀರುವಷ್ಟು ಗಡಸು ಮಾಡಬಹುದು.

ಆದರೆ 'ತ್ಯಾಜ್ಯದಿಂದ ಉಪಯುಕ್ತ ವಸ್ತು' ಎಂಬ ಹೆಸರಿನ ಚಟುವಟಿಕೆಗಳಲ್ಲಿ ಒಂದು ಅಪಾಯವಿದೆ. ಒಂದೇ ಒಂದು ಸಿದ್ಧ ಮಾದರಿಯನ್ನು ಮೇಜಿನ ಮೇಲಿಟ್ಟು "ನೋಡಿ, ಗಟ್ಟಿಯಾಗಿದೆ" ಎಂದರೆ ಅದು ಪ್ರದರ್ಶನವಾಗುತ್ತದೆ. ಯಾವುದಕ್ಕೆ ಹೋಲಿಸಿದರೆ ಗಟ್ಟಿ, ಯಾವ ಕಾರಣದಿಂದ ಗಟ್ಟಿ ಎಂದು ಮಗು ಕೇಳಿದರೆ ಪ್ರಶಿಕ್ಷಣಾರ್ಥಿಯ ಬಳಿ ಉತ್ತರವಿರುವುದಿಲ್ಲ. ಈ ಪಾಠದ ತಿರುಳು ಹೋಲಿಕೆಯಲ್ಲಿದೆ. ಅದಕ್ಕಾಗಿ ಇಲ್ಲಿ ಐದು ತುಂಡುಗಳನ್ನು ಸೂಚಿಸಲಾಗಿದೆ.

ಕಲಿಕಾ ಫಲಗಳು

ಪಾಠದ ಕೊನೆಗೆ ವಿದ್ಯಾರ್ಥಿಗಳು:
1. ಗಡಸುತನ, ಬಲ, ಮುರಿಯದೆ ಬಾಗುವ ಗುಣ ಇವು ಮೂರೂ ಬೇರೆ ಬೇರೆ ಎಂದು ಉದಾಹರಣೆ ಸಹಿತ ವಿವರಿಸುವರು.
2. ಕಾರ್ಬನ್ ಅನಿಲರೂಪದಲ್ಲಿ ಉಕ್ಕಿನ ಮೇಲ್ಮೈಯನ್ನು ತಲಪುವ ಕ್ರಿಯೆಗಳನ್ನು ಪದ ಸಮೀಕರಣಗಳಲ್ಲಿ ಬರೆಯುವರು.
3. ಎರಡು ಅಂಶಗಳಲ್ಲಿ ಯಾವುದು ಕಾರಣ, ಅಥವಾ ಎರಡೂ ಸೇರಿ ಕಾರಣವೇ ಎಂದು ತಿಳಿಯಲು ಮಾದರಿಗಳನ್ನು ಹೇಗೆ ಜೋಡಿಸಬೇಕೆಂದು ತರ್ಕಿಸುವರು.

ಶಿಕ್ಷಕರಿಗೆ ವಿಷಯ ಜ್ಞಾನ

ಮೆದು ಉಕ್ಕಿನಲ್ಲಿ ಕಾರ್ಬನ್ ಪ್ರಮಾಣ ಸುಮಾರು 0.05ರಿಂದ 0.25%. ಇದನ್ನು ಬಾಗಿಸಬಹುದು, ಬೆಸುಗೆ ಹಾಕಬಹುದು, ಆದರೆ ಬೇಗ ಸವೆಯುತ್ತದೆ. ಹೆಚ್ಚು ಕಾರ್ಬನ್ ಇರುವ ಉಕ್ಕಿಗೆ ಸರಿಯಾದ ಹದ ಕೊಟ್ಟರೆ ಬಹಳ ಗಡಸಾಗುತ್ತದೆ, ಆದರೆ ಜೋರಾಗಿ ಬಡಿದರೆ ಮುರಿಯುವ ಸ್ವಭಾವವೂ ಬರುತ್ತದೆ. ಹಲ್ಲುಚಕ್ರ, ಸರಪಳಿಯ ಪಿನ್ನು, ಸೈಕಲ್ಲಿನ ಕೋನ್ ಮೊದಲಾದ ಭಾಗಗಳಿಗೆ ಎರಡೂ ಗುಣ ಬೇಕು: ಹೊರಗೆ ಸವೆಯಬಾರದು, ಒಳಗೆ ಹೊಡೆತ ತಾಳಬೇಕು. ಹೊರಮೈಗೆ ಮಾತ್ರ ಕಾರ್ಬನ್ ಸೇರಿಸಿ ಗಡಸು ಮಾಡುವ ವಿಧಾನ ಹುಟ್ಟಿದ್ದು ಈ ಅಗತ್ಯದಿಂದ.

ಕಾರ್ಬನ್ ಸೇರುವ ಬಗೆ: ಇದ್ದಿಲಿನ ಚೂರುಗಳ ನಡುವೆ ಉಕ್ಕನ್ನು ಹೂತು, ಪೆಟ್ಟಿಗೆ ಮುಚ್ಚಿ, ಸುಮಾರು 900ರಿಂದ 925 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲಾಗುತ್ತದೆ. ಇದ್ದಿಲು ಉಕ್ಕಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ. ಹಾಗಿದ್ದೂ ಮೈಯೆಲ್ಲ ಸಮನಾಗಿ ಕಾರ್ಬನ್ ಸೇರುವುದು ಅನಿಲದ ಮೂಲಕ:

ಕಾರ್ಬನ್ + ಪೆಟ್ಟಿಗೆಯೊಳಗಿನ ಆಮ್ಲಜನಕ → ಕಾರ್ಬನ್ ಡೈಆಕ್ಸೈಡ್
ಕಾರ್ಬನ್ ಡೈಆಕ್ಸೈಡ್ + ಇದ್ದಿಲಿನ ಕಾರ್ಬನ್ → ಕಾರ್ಬನ್ ಮೊನಾಕ್ಸೈಡ್
ಕಾರ್ಬನ್ ಮೊನಾಕ್ಸೈಡ್ (ಉಕ್ಕಿನ ಮೇಲ್ಮೈಯಲ್ಲಿ) → ಉಕ್ಕಿನೊಳಕ್ಕೆ ಇಳಿಯುವ ಕಾರ್ಬನ್ + ಕಾರ್ಬನ್ ಡೈಆಕ್ಸೈಡ್

ಮೂರನೆಯ ಕ್ರಿಯೆಯಲ್ಲಿ ಹುಟ್ಟಿದ ಕಾರ್ಬನ್ ಡೈಆಕ್ಸೈಡ್ ಮತ್ತೆ ಇದ್ದಿಲಿನ ಬಳಿ ಹೋಗಿ ಎರಡನೆಯ ಕ್ರಿಯೆಯಲ್ಲಿ ತೊಡಗುತ್ತದೆ. ಅನಿಲವು ಇದ್ದಿಲಿನಿಂದ ಕಾರ್ಬನ್ನನ್ನು ಹೊತ್ತು ತಂದು ಉಕ್ಕಿಗೆ ಕೊಟ್ಟು ಮರಳುತ್ತಿರುತ್ತದೆ.

ಮೊಟ್ಟೆಸಿಪ್ಪೆಯ ಪಾತ್ರ: ಸಿಪ್ಪೆಯ ಬಹುಪಾಲು, ಅಂದರೆ 90%ಕ್ಕೂ ಹೆಚ್ಚು, ಕ್ಯಾಲ್ಸಿಯಂ ಕಾರ್ಬೊನೇಟ್. ಕಾಯಿಸಿದಾಗ ಅದು ಕ್ಯಾಲ್ಸಿಯಂ ಆಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ವಿಭಜನೆಗೊಳ್ಳುತ್ತದೆ. ಸುಣ್ಣದಕಲ್ಲಿನ ಈ ಕ್ರಿಯೆಯನ್ನು ಮಕ್ಕಳು ಮೊದಲ ಅಧ್ಯಾಯದಲ್ಲೇ ಓದಿರುತ್ತಾರೆ. ಹೀಗೆ ಬಂದ ಕಾರ್ಬನ್ ಡೈಆಕ್ಸೈಡ್ ಮೇಲಿನ ಚಕ್ರವನ್ನು ಚುರುಕುಗೊಳಿಸುತ್ತದೆ. ಉಕ್ಕಿಗೆ ಸೇರುವ ಕಾರ್ಬನ್ ಮುಖ್ಯವಾಗಿ ಇದ್ದಿಲಿನದು, ಸಿಪ್ಪೆ ಸಹಾಯಕ ಮಾತ್ರ. ಸಿಪ್ಪೆ ಇಲ್ಲದೆಯೂ ಕ್ರಿಯೆ ನಡೆಯುತ್ತದೆ, ನಿಧಾನವಾಗಿ. ಕಾರ್ಖಾನೆಗಳಲ್ಲಿ ಇದೇ ಕೆಲಸಕ್ಕೆ ಬೇರಿಯಂ ಕಾರ್ಬೊನೇಟ್ ಬಳಸುವುದುಂಟು. ಅದು ವಿಷಕಾರಿ. ಶಾಲೆಯ ಮಟ್ಟಿಗೆ ಮೊಟ್ಟೆಸಿಪ್ಪೆ ಸುರಕ್ಷಿತ ಬದಲಿ.

ಅಷ್ಟು ಬಿಸಿ ಏಕೆ: ಸಾಮಾನ್ಯ ಉಷ್ಣತೆಯಲ್ಲಿ ಕಬ್ಬಿಣದ ಪರಮಾಣುಗಳ ಜೋಡಣೆಯಲ್ಲಿ ಕಾರ್ಬನ್ನಿಗೆ ಜಾಗ ಇಲ್ಲವೆಂದೇ ಹೇಳಬೇಕು. 727 ಡಿಗ್ರಿಯಲ್ಲೂ ಹೆಚ್ಚೆಂದರೆ ಸುಮಾರು 0.02%. ಇನ್ನೂ ಕಾಯಿಸಿದಾಗ ಜೋಡಣೆ ಬದಲಾಗಿ ಆಸ್ಟನೈಟ್ ಎಂಬ ರೂಪ ಬರುತ್ತದೆ. 925 ಡಿಗ್ರಿಯಲ್ಲಿ ಅದು 1%ಗಿಂತ ಹೆಚ್ಚು ಕಾರ್ಬನ್ನನ್ನು ಹಿಡಿದುಕೊಳ್ಳಬಲ್ಲದು.

ತಣಿಸುವುದು ಏಕೆ: ಕಾರ್ಬನ್ ಸೇರಿದ ಉಕ್ಕನ್ನು ನಿಧಾನವಾಗಿ ತಣಿಸಿದರೆ ಕಾರ್ಬನ್ ಹೊರಬಂದು ಬೇರೆ ಪದರಗಳಾಗಿ ಕೂರುತ್ತದೆ, ಉಕ್ಕು ತಕ್ಕಮಟ್ಟಿಗೆ ಮೆದುವಾಗಿಯೇ ಉಳಿಯುತ್ತದೆ. ಕೆಂಪಗೆ ಕಾದಾಗ ತಟ್ಟನೆ ನೀರಿಗೆ ಅದ್ದಿದರೆ ಕಾರ್ಬನ್ನಿಗೆ ಹೊರಬರಲು ಸಮಯವೇ ಸಿಗದೆ ಒಳಗೇ ಸಿಕ್ಕಿಬೀಳುತ್ತದೆ. ಜೋಡಣೆ ಬಿಗಿದು ಮಾರ್ಟೆನ್‌ಸೈಟ್ ಎಂಬ ಬಹು ಗಡಸು ರೂಪ ಉಂಟಾಗುತ್ತದೆ. ಮೆದು ಉಕ್ಕಿನ ಗಡಸುತನ ವಿಕರ್ಸ್ ಅಳತೆಯಲ್ಲಿ ಸುಮಾರು 120ರಿಂದ 140. ಕಾರ್ಬನ್ ಸೇರಿ ನೀರಿನಲ್ಲಿ ತಣಿದ ಮೇಲ್ಮೈಯದು 700ರಿಂದ 800.

ಇತಿಹಾಸದ ಎರಡು ಎಳೆಗಳು

ಈ ವಿಧಾನಕ್ಕೆ ಜೈವಿಕ ತ್ಯಾಜ್ಯ ಬಳಸುವುದು ಹೊಸ ಯೋಚನೆಯಲ್ಲ. 12ನೆಯ ಶತಮಾನದ ಯುರೋಪಿನಲ್ಲಿ ಥಿಯೋಫಿಲಸ್ ಎಂಬ ಸಂನ್ಯಾಸಿ ಬರೆದ ಕುಶಲಕಲೆಗಳ ಗ್ರಂಥದಲ್ಲಿ, ಎತ್ತಿನ ಕೊಂಬನ್ನು ಸುಟ್ಟು ಉಪ್ಪು ಬೆರೆಸಿ ಅರಗಳಿಗೆ ಹದ ಕೊಡುವ ಕ್ರಮವಿದೆ. 1722ರಲ್ಲಿ ಫ್ರಾನ್ಸಿನ ರಿಯಾಮೂರ್ ಕಬ್ಬಿಣವನ್ನು ಉಕ್ಕಾಗಿಸುವ ಬಗ್ಗೆ ಒಂದು ಗ್ರಂಥವನ್ನೇ ಪ್ರಕಟಿಸಿದ.

ನಮ್ಮ ನಾಡಿನ ಎಳೆಯೂ ಇದೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳನ್ನು ಕಂಡು ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿರೆಲೆ ಇಟ್ಟು ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಪ್ರಶಿಕ್ಷಣಾರ್ಥಿಗಳು ಇಲ್ಲೊಂದು ಎಚ್ಚರ ವಹಿಸಬೇಕು. ಮೂಸೆಯ ವಿಧಾನದಲ್ಲಿ ಲೋಹ ಕರಗುತ್ತದೆ, ಕಾರ್ಬನ್ ಇಡೀ ಗಟ್ಟಿಗೆ ಹರಡುತ್ತದೆ. ನಮ್ಮ ಪಾಠದಲ್ಲಿ ಲೋಹ ಕರಗುವುದೇ ಇಲ್ಲ, ಕಾರ್ಬನ್ ಹೊರಮೈಗೆ ಮಾತ್ರ ಸೇರುತ್ತದೆ. ಎರಡನ್ನೂ ಒಂದೇ ಎಂದು ಹೇಳಿ ಹೆಮ್ಮೆ ಪಡುವುದಕ್ಕಿಂತ, ವ್ಯತ್ಯಾಸವನ್ನು ಮಕ್ಕಳಿಂದಲೇ ಹೇಳಿಸುವುದು ಒಳ್ಳೆಯ ಕಲಿಕೆ.

ಪೂರ್ವಸಿದ್ಧತೆ: ಐದು ತುಂಡುಗಳು

10 ಮಿ.ಮೀ. ದಪ್ಪದ ನಯವಾದ ಮೆದು ಉಕ್ಕಿನ ಒಂದೇ ಸರಳಿನಿಂದ, ಸುಮಾರು 6 ಸೆಂ.ಮೀ. ಉದ್ದದ ಐದು ತುಂಡು ಕತ್ತರಿಸಿಕೊಳ್ಳಿ. ಮನೆ ಕಟ್ಟುವ ಕಡೆ ಸಿಗುವ ಟಿಎಂಟಿ ಕಂಬಿ ಬೇಡ. ಅದರ ಹೊರಮೈಯನ್ನು ಕಾರ್ಖಾನೆಯಲ್ಲೇ ನೀರು ಚಿಮ್ಮಿಸಿ ಗಡಸು ಮಾಡಿರುತ್ತಾರೆ. ಮೊಳೆಯೂ ಬೇಡ. ತಂತಿಯನ್ನು ತಣ್ಣಗಿರುವಾಗಲೇ ಎಳೆದು ಮಾಡುವುದರಿಂದ ಮೊಳೆ ಮೊದಲೇ ಬಿಗುವಾಗಿರುತ್ತದೆ, ಕಾಯಿಸಿದರೆ ಮೆದುವಾಗುತ್ತದೆ. ಹೋಲಿಕೆ ಕೆಡುತ್ತದೆ.

ಕರಟವನ್ನು ಹಾಗೆಯೇ ಪೆಟ್ಟಿಗೆಗೆ ತುಂಬಬಾರದು, ಹೊಗೆ ಮತ್ತು ಟಾರು ಬರುತ್ತದೆ. ಮೊದಲು ಇದ್ದಿಲು ಮಾಡಿ, ಕಡಲೆಕಾಳಿನ ಗಾತ್ರಕ್ಕೆ ಒಡೆದುಕೊಳ್ಳಬೇಕು. ಮೊಟ್ಟೆಸಿಪ್ಪೆಯ ಒಳಪೊರೆ ತೆಗೆದು, ತೊಳೆದು, ಒಣಗಿಸಿ, ಪುಡಿ ಮಾಡಬೇಕು. ತೂಕದಲ್ಲಿ 4 ಭಾಗ ಇದ್ದಿಲಿಗೆ 1 ಭಾಗ ಸಿಪ್ಪೆಪುಡಿ ಸಾಕು.

ಒಂದು ಪೆಟ್ಟಿಗೆಯಲ್ಲಿ ಎರಡು ತುಂಡುಗಳನ್ನು ಈ ಮಿಶ್ರಣದಲ್ಲಿ ಹೂಳಿ. ಇನ್ನೊಂದರಲ್ಲಿ ಎರಡು ತುಂಡುಗಳನ್ನು ಒಣ ಮರಳಿನಲ್ಲಿ ಹೂಳಿ. ಮುಚ್ಚಳದ ಅಂಚಿಗೆ ಜೇಡಿಮಣ್ಣು ಮೆತ್ತಿ ಒಣಗಿಸಿ. ಎರಡೂ ಪೆಟ್ಟಿಗೆಗಳನ್ನು ಒಂದೇ ವಿದ್ಯುತ್ ಕುಲುಮೆಯಲ್ಲಿ 925 ಡಿಗ್ರಿಯಲ್ಲಿ 4 ಗಂಟೆ ಇಡಬೇಕು. ಪೂರ್ತಿ ತಣ್ಣಗಾದ ಮೇಲೆಯೇ ಪೆಟ್ಟಿಗೆ ತೆರೆಯಬೇಕು. ಆಮೇಲೆ ನಾಲ್ಕೂ ತುಂಡುಗಳನ್ನು ಮತ್ತೆ ಸುಮಾರು 800 ಡಿಗ್ರಿಗೆ, ಕೆಲವೇ ನಿಮಿಷ, ಕಾಯಿಸಿ ಹೀಗೆ ತಣಿಸಬೇಕು:

ಮೂಲ ತುಂಡು: ಅಂಗಡಿಯಿಂದ ತಂದಂತೆ, ಏನೂ ಮಾಡಿಲ್ಲ
ಕ: ಮರಳಿನಲ್ಲಿ ಕಾದದ್ದು, ಬೂದಿಯಲ್ಲಿ ನಿಧಾನವಾಗಿ ತಣಿದದ್ದು
ಖ: ಮರಳಿನಲ್ಲಿ ಕಾದದ್ದು, ನೀರಿನಲ್ಲಿ ತಟ್ಟನೆ ತಣಿದದ್ದು
ಗ: ಇದ್ದಿಲಿನಲ್ಲಿ ಕಾದದ್ದು, ಬೂದಿಯಲ್ಲಿ ನಿಧಾನವಾಗಿ ತಣಿದದ್ದು
ಘ: ಇದ್ದಿಲಿನಲ್ಲಿ ಕಾದದ್ದು, ನೀರಿನಲ್ಲಿ ತಟ್ಟನೆ ತಣಿದದ್ದು

ಘ ತುಂಡು ಚೂರಾಗಿ ಸಿಡಿಯದಂತೆ ಅದನ್ನು 150ರಿಂದ 180 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಹದಗೊಳಿಸಿ. ಎಲ್ಲ ತುಂಡುಗಳ ಮೇಲಿನ ಕಪ್ಪು ಹೊಪ್ಪಳೆಯನ್ನು ಉಜ್ಜಿ ತೆಗೆಯಿರಿ. ಹೊಪ್ಪಳೆ ಇದ್ದರೆ ಮಕ್ಕಳು ಪರೀಕ್ಷಿಸುವುದು ಅದನ್ನೇ ಹೊರತು ಉಕ್ಕನ್ನಲ್ಲ.

ಸುರಕ್ಷತೆ: ಇಲ್ಲಿ ರಿಯಾಯಿತಿ ಇಲ್ಲ

ಕಾಯಿಸುವ ಕೆಲಸ ತರಗತಿಯಲ್ಲಾಗಲಿ, ಶಾಲೆಯ ಪ್ರಯೋಗಾಲಯದಲ್ಲಾಗಲಿ ನಡೆಯಬಾರದು. ಕಾರ್ಯಾಗಾರದಲ್ಲಿ, ಅಲ್ಲಿನ ಬೋಧಕರ ಕೈಯಲ್ಲೇ ನಡೆಯಬೇಕು. ಕಾರಣಗಳನ್ನು ಪ್ರಶಿಕ್ಷಣಾರ್ಥಿ ಬಾಯಿಪಾಠವಾಗಿ ತಿಳಿದಿರಬೇಕು. ಒಂದು, ಈ ಕ್ರಿಯೆಯಲ್ಲಿ ಕೆಲಸ ಮಾಡುವ ಅನಿಲವೇ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಗಾಳಿಯಾಡದ ಕೋಣೆಯಲ್ಲಿ ಇದನ್ನು ಮಾಡಲೇಬಾರದು. ಎರಡು, ಎರಡೂ ಕಡೆ ತಿರುಪು ಮುಚ್ಚಳ ಬಿಗಿದ ಪೈಪನ್ನು ಪೆಟ್ಟಿಗೆಯಾಗಿ ಬಳಸಬಾರದು, ಅನಿಲದ ಒತ್ತಡಕ್ಕೆ ಸಿಡಿಯಬಹುದು. ಜೇಡಿಮಣ್ಣಿನ ಮೆತ್ತುಗೆ ಹೆಚ್ಚಾದ ಅನಿಲವನ್ನು ಹೊರಬಿಡುತ್ತದೆ. ಮೂರು, ಜಿಐ ಪೈಪು ಅಥವಾ ಸತು ಲೇಪಿಸಿದ ಯಾವ ಡಬ್ಬವೂ ಬೇಡ. ಸತು 907 ಡಿಗ್ರಿಗೆ ಕುದಿಯುತ್ತದೆ, ಅದರ ಹೊಗೆ ಅಪಾಯಕಾರಿ.

ಮೊದಲ ಅವಧಿ

ತೊಡಗಿಸಿಕೊಳ್ಳುವಿಕೆ (8 ನಿಮಿಷ): 'ಗಟ್ಟಿ' ಎಂಬ ಪದದಿಂದ ಆರಂಭಿಸಿ. ಗಟ್ಟಿ ಮೊಸರು, ಗಟ್ಟಿ ದನಿ, ಗಟ್ಟಿ ಹಗ್ಗ, ಗಟ್ಟಿ ಕಲ್ಲು, ಗಟ್ಟಿ ಆಳು ಎಂದು ಮಕ್ಕಳೇ ಹೇಳಲಿ, ಕಪ್ಪುಹಲಗೆಯ ಮೇಲೆ ಬರೆಯಿರಿ. ಒಂದೇ ಪದ ಎಷ್ಟು ಅರ್ಥ ಹೊತ್ತಿದೆ ನೋಡಿ. ಆಮೇಲೆ ಕೇಳಿ: "ಗಾಜು ಗಟ್ಟಿಯೋ, ಹಗ್ಗ ಗಟ್ಟಿಯೋ?" ಗಾಜನ್ನು ಗೀರಲು ಕಷ್ಟ, ಆದರೆ ಬಿದ್ದರೆ ಒಡೆಯುತ್ತದೆ. ಹಗ್ಗ ಎಳೆತ ತಾಳುತ್ತದೆ, ಆದರೆ ಗೀರಿದರೆ ಎಳೆ ಬಿಡುತ್ತದೆ. ಇಲ್ಲಿಂದ ಗೀರಿಗೆ ಜಗ್ಗದ ಗುಣಕ್ಕೆ 'ಗಡಸುತನ' ಎಂದು ಹೆಸರಿಡಿ. ಮುಂದೆ ಪಾಠದುದ್ದಕ್ಕೂ 'ಗಟ್ಟಿ' ಎನ್ನದೆ 'ಗಡಸು' ಎಂದೇ ಹೇಳಿ.

ಪರಿಶೋಧನೆ (25 ನಿಮಿಷ): ಐದು ತುಂಡುಗಳನ್ನು ಕೊಡಿ, ಯಾವುದಕ್ಕೆ ಏನು ಮಾಡಲಾಗಿದೆ ಎಂದೂ ತಿಳಿಸಿ. ಪರೀಕ್ಷೆಗೆ ಮೊದಲು ಪ್ರತಿ ಗುಂಪೂ ತನ್ನ ಊಹೆಯನ್ನು ಬರೆದಿಡಬೇಕು: ಯಾವ ತುಂಡು ಅತಿ ಗಡಸು, ಏಕೆ? ಊಹೆ ಬರೆಸದೆ ತುಂಡು ಕೈಗೆ ಕೊಟ್ಟರೆ ಪಾಠದ ಅರ್ಧ ಬಲ ಹೋದಂತೆ.

ಪರೀಕ್ಷೆ ಎರಡು. ತುಂಡನ್ನು ವೈಸ್‌ನಲ್ಲಿ ಹಿಡಿಸಿ ಅರದಿಂದ ಒಂದೇ ಬಲದಲ್ಲಿ ಐದು ಸಲ ಉಜ್ಜುವುದು: ಅರ ಕಚ್ಚುತ್ತದೆಯೇ, ಜಾರುತ್ತದೆಯೇ? ಎರಡನೆಯದು, ತುಂಡಿನ ಅಂಚಿನಿಂದ ದಪ್ಪ ಗಾಜಿನ ಚೂರನ್ನು ಗೀರುವುದು. ಗಾಜಿನ ಅಂಚುಗಳಿಗೆ ಟೇಪು ಸುತ್ತಿರಬೇಕು, ಕಣ್ಣಿಗೆ ಕನ್ನಡಕ ಕಡ್ಡಾಯ, ಗೀರುವ ಕೆಲಸ ಶಿಕ್ಷಕರದು.

ಮೂಲ ತುಂಡು ಮತ್ತು ಕ ತುಂಡನ್ನು ಅರ ಸುಲಭವಾಗಿ ಕಚ್ಚುತ್ತದೆ. ಖ ತುಸು ಬಿಗುವೆನಿಸಬಹುದು, ಆದರೂ ಕಚ್ಚುತ್ತದೆ. ಗ ಕೂಡ ಕಚ್ಚುತ್ತದೆ. ಘ ತುಂಡಿನ ಮೇಲೆ ಮಾತ್ರ ಅರ ಜಾರುತ್ತದೆ, ಗಾಜಿನ ಮೇಲೆ ಗೀರು ಮೂಡಿಸುವುದೂ ಅದೊಂದೇ.

ಮುಕ್ತಾಯ (7 ನಿಮಿಷ): "ಗ ತುಂಡಿಗೂ ಕಾರ್ಬನ್ ಸೇರಿದೆ. ಖ ತುಂಡನ್ನೂ ನೀರಿಗೆ ಹಾಕಿದ್ದೇವೆ. ಘ ಮಾತ್ರ ಏಕೆ ಗಡಸಾಯಿತು?" ಈ ಪ್ರಶ್ನೆಯನ್ನು ಹಲಗೆಯ ಮೇಲೆ ಬಿಟ್ಟು ಅವಧಿ ಮುಗಿಸಿ. ಉತ್ತರ ಹೇಳಬೇಡಿ.

ಎರಡನೆಯ ಅವಧಿ

ವಿವರಿಸುವಿಕೆ (18 ನಿಮಿಷ): ಕಾರ್ಬನ್ ಒಂದೇ ಸಾಲದು, ತಣಿಸುವುದೊಂದೇ ಸಾಲದು, ಎರಡೂ ಕೂಡಬೇಕು ಎಂಬ ತೀರ್ಮಾನಕ್ಕೆ ಮಕ್ಕಳು ತಾವೇ ಬರಲಿ. ಆಮೇಲೆ ಪದ ಸಮೀಕರಣಗಳು. ಕಾರ್ಬನ್ ಬಣ್ಣದಂತೆ ಮೇಲೆ ಬಳಿದುಕೊಂಡಿದೆ ಎಂದು ಹಲವರು ಭಾವಿಸುತ್ತಾರೆ. ಇದಕ್ಕೆ ಉಪ್ಪಿನಕಾಯಿಯ ಉದಾಹರಣೆ ಒದಗುತ್ತದೆ. ಮಾವಿನ ಹೋಳಿಗೆ ಹಾಕಿದ ಉಪ್ಪು ಮೊದಲ ದಿನ ಸಿಪ್ಪೆಯ ಬಳಿ, ವಾರದ ಮೇಲೆ ಒಳಕ್ಕೆ ಇಳಿದಿರುತ್ತದೆ. ಕಾರ್ಬನ್ನೂ ಹಾಗೆ ಹೊರಗೆ ಹೆಚ್ಚು, ಒಳಕ್ಕೆ ಹೋದಂತೆ ಕಡಿಮೆ. ಹೋಲಿಕೆಯ ಮಿತಿಯನ್ನೂ ಹೇಳಿ: ಉಪ್ಪು ಇಳಿಯಲು ಹೋಳಿನಲ್ಲಿ ನೀರಿದೆ, ಇಲ್ಲಿ ನೀರೂ ಇಲ್ಲ, ಕರಗುವಿಕೆಯೂ ಇಲ್ಲ. ಘನ ಕಬ್ಬಿಣದ ಪರಮಾಣುಗಳ ಸಂದುಗಳಲ್ಲೇ ಕಾರ್ಬನ್ ಸರಿಯುತ್ತದೆ.

ವಿಸ್ತರಿಸುವಿಕೆ (12 ನಿಮಿಷ): 925 ಡಿಗ್ರಿಯಲ್ಲಿ ಕಾರ್ಬನ್ ಇಳಿಯುವ ಆಳ ಗಂಟೆಗಳ ವರ್ಗಮೂಲದಂತೆ ಹೆಚ್ಚುತ್ತದೆ. 1 ಗಂಟೆಗೆ ಸುಮಾರು 0.6 ಮಿ.ಮೀ. ಎಂದಿಟ್ಟುಕೊಂಡರೆ 4 ಗಂಟೆಗೆ 1.2, 9 ಗಂಟೆಗೆ 1.8 ಮಿ.ಮೀ. ಆಳ ಇಮ್ಮಡಿಯಾಗಲು ಸಮಯ ನಾಲ್ಮಡಿ. ನಮ್ಮ ತುಂಡಿನಲ್ಲಿ 1.2 ಮಿ.ಮೀ. ಆಳ ಇಳಿದಿದ್ದರೆ ಒಳತಿರುಳಿನ ವ್ಯಾಸ 7.6 ಮಿ.ಮೀ. ಅಡ್ಡಕೊಯ್ತದಲ್ಲಿ ಹೊರಪದರದ ಪಾಲು ಎಷ್ಟು? ಲೆಕ್ಕ ಮಾಡಿದರೆ ಸುಮಾರು 42%. 'ಬರೀ ಮೇಲ್ಪದರ' ಎಂದುಕೊಂಡಿದ್ದ ಮಕ್ಕಳಿಗೆ ಈ ಉತ್ತರ ಅಚ್ಚರಿ ತರುತ್ತದೆ.

ಮೌಲ್ಯಮಾಪನ (10 ನಿಮಿಷ):
1. ಮರಳಿನ ಪೆಟ್ಟಿಗೆ ಇಲ್ಲದಿದ್ದರೆ ನಮ್ಮ ತೀರ್ಮಾನದಲ್ಲಿ ಯಾವ ಅನುಮಾನ ಉಳಿಯುತ್ತಿತ್ತು?
2. ಸಿಪ್ಪೆಪುಡಿ ಹಾಕಿದ್ದರಿಂದ ಪ್ರಯೋಜನವಾಯಿತೇ ಎಂದು ತಿಳಿಯಲು ಇನ್ನೊಂದು ಯಾವ ಪೆಟ್ಟಿಗೆ ಬೇಕಿತ್ತು?
3. ಹಲ್ಲುಚಕ್ರವನ್ನು ಒಳಗಿನವರೆಗೂ ಗಡಸು ಮಾಡಿದರೆ ಏನಾಗಬಹುದು?

ಎರಡನೆಯ ಪ್ರಶ್ನೆ ಮುಖ್ಯವಾದುದು. ನಮ್ಮ ಐದು ತುಂಡುಗಳಿಂದ ಸಿಪ್ಪೆಯ ಪರಿಣಾಮ ಸಾಬೀತಾಗುವುದಿಲ್ಲ. ಬರೀ ಇದ್ದಿಲಿನ ಇನ್ನೊಂದು ಪೆಟ್ಟಿಗೆ ಇದ್ದರೆ ಮಾತ್ರ ಆ ಮಾತು ಹೇಳಬಹುದು. ಇದನ್ನು ಗುರುತಿಸಿದ ಮಗು ಪಾಠವನ್ನು ನಿಜವಾಗಿ ಅರ್ಥ ಮಾಡಿಕೊಂಡಿದೆ.

ಕುಲುಮೆಯ ಅರಿವು ಮತ್ತು ತರಗತಿಯ ಅರಿವು

ಈ ಪಾಠದಲ್ಲಿ ಒಂದು ಕ್ಷಣ ಬರಬಹುದು. ಕುಲುಮೆ ಕಂಡ ಮಗುವೊಂದು ಎದ್ದು, "ಮೇಡಂ, ಕುಡುಗೋಲನ್ನು ಬರೀ ಕೆಂಪಗೆ ಕಾಯಿಸಿ ನೀರಿಗೆ ಹಾಕ್ತಾರೆ, ಗಡಸಾಗುತ್ತೆ. ಇದ್ದಿಲಿನಲ್ಲಿ ಹೂಳೋದೇ ಇಲ್ಲ" ಎನ್ನಬಹುದು. ಖ ತುಂಡಿನ ಫಲಿತಾಂಶ ಹಿಡಿದು "ಹಾಗಾಗಲ್ಲ, ಕೂತ್ಕೊ" ಎಂದರೆ ಆ ಮಗು ಮತ್ತೆ ಬಾಯಿ ತೆರೆಯುವುದಿಲ್ಲ. ಮಗು ಹೇಳಿದ್ದೂ ಸತ್ಯ. ಅನೇಕ ಕಮ್ಮಾರರು ಕುಡುಗೋಲು, ಮಚ್ಚುಗಳಿಗೆ ಲಾರಿಯ ಹಳೆಯ ಕಮಾನ್ ಪಟ್ಟಿ ಬಳಸುತ್ತಾರೆ. ಆ ಉಕ್ಕಿನಲ್ಲಿ ಒಳಗಿನವರೆಗೂ ಸುಮಾರು 0.5ರಿಂದ 0.6% ಕಾರ್ಬನ್ ಮೊದಲೇ ಇರುತ್ತದೆ. ಆದ್ದರಿಂದ ತಣಿಸುವುದಷ್ಟೇ ಸಾಕು. "ನೀನು ಕಂಡದ್ದು ಸರಿ. ಅಲ್ಲಿ ಯಾವ ಉಕ್ಕು ಬಳಸುತ್ತಾರೆ, ಕೇಳಿಕೊಂಡು ಬರ್ತೀಯಾ?" ಎಂದು ಶಿಕ್ಷಕರು ಹೇಳಿದರೆ, ಆ ಮಾತು ಪಾಠದ ತೀರ್ಮಾನವನ್ನು ಇನ್ನಷ್ಟು ಬಲಪಡಿಸುತ್ತದೆ.

ಸಾಧ್ಯವಾದರೆ ಊರಿನ ಕುಲುಮೆಗೆ ಮಕ್ಕಳ ಸಣ್ಣ ಗುಂಪನ್ನು ಕಳಿಸಿ. "ಆಚಾರ್ರೇ, ಕಾವು ಸಾಕಾಯಿತು ಅಂತ ಹೇಗೆ ಗೊತ್ತಾಗುತ್ತೆ? ಯಾವುದಕ್ಕೆ ನೀರು, ಯಾವುದಕ್ಕೆ ಎಣ್ಣೆ?" ಎಂಬಂಥ ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡು ಹೋಗಲಿ. ಕಮ್ಮಾರಿಕೆಯ ಮನೆಯ ಮಗು ತರಗತಿಯಲ್ಲಿದ್ದರೆ, ಅದರ ಇಷ್ಟ ತಿಳಿಯದೆ ಎಲ್ಲರ ಮುಂದೆ ಅದನ್ನು ಎಬ್ಬಿಸಬಾರದು.

ಪಾಠ ವೀಕ್ಷಕರಿಗೆ

ವೀಕ್ಷಣೆಯ ಹಾಳೆಯಲ್ಲಿ ಈ ನಾಲ್ಕು ಅಂಶಗಳನ್ನು ಗಮನಿಸಿದರೆ ಸಾಕು. ಪರೀಕ್ಷೆಗೆ ಮುನ್ನ ಊಹೆ ಬರೆಸಲಾಯಿತೇ? 'ಗಟ್ಟಿ', 'ಗಡಸು' ಪದಗಳ ಬಳಕೆ ಕೊನೆಯವರೆಗೂ ಸ್ಪಷ್ಟವಾಗಿತ್ತೇ? ಮೊದಲ ಅವಧಿಯ ಪ್ರಶ್ನೆಗೆ ಉತ್ತರ ಹೇಳಿಬಿಡುವ ಆತುರವನ್ನು ಪ್ರಶಿಕ್ಷಣಾರ್ಥಿ ತಡೆದುಕೊಂಡರೇ? ಪಾಠಕ್ಕೆ ಹೊಂದದ ಮಾತು ಮಗುವಿನಿಂದ ಬಂದಾಗ ಅದನ್ನು ಹೇಗೆ ಸ್ವೀಕರಿಸಿದರು?

ಪ್ರಶಿಕ್ಷಣಾರ್ಥಿಗಳಿಗೆ ಒಂದು ಕೆಲಸ: ಬರೀ ಇದ್ದಿಲಿನ ಪೆಟ್ಟಿಗೆಯನ್ನೂ ಸೇರಿಸಿ ಮಾದರಿಗಳ ಪಟ್ಟಿಯನ್ನು ಮರುರಚಿಸಿ. ಒಟ್ಟು ಎಷ್ಟು ತುಂಡು ಬೇಕಾಗುತ್ತದೆ, ಯಾವ ಎರಡು ತುಂಡುಗಳ ಹೋಲಿಕೆಯಿಂದ ಸಿಪ್ಪೆಯ ಪರಿಣಾಮ ತಿಳಿಯುತ್ತದೆ, ಆಗ ಅರದ ಪರೀಕ್ಷೆ ಸಾಕಾಗುತ್ತದೆಯೇ ಅಥವಾ ಆಳವನ್ನೇ ಅಳೆಯಬೇಕೇ ಎಂದು ಬರೆದು ಮುಂದಿನ ವಿಧಾನ ತರಗತಿಗೆ ತನ್ನಿ.